ಅಭಿನಯ ಸರಸ್ವತಿ ಬಿ. ಸರೋಜಾದೇವಿಯವರೂ ನಟೀಪದದ ಗೌರವವಿಚಾರವೂ

೧

ನಾಟ್ಯವನ್ನು ಐದನೆಯ ವೇದವೆಂದು ಹೊಗಳಿದ ನಮ್ಮ ದೇಶದಲ್ಲಿಯೇ ನಾಟ್ಯದಿಂದ ಜೀವಿಸುವವರನ್ನು, ಅವರಲ್ಲಿಯೂ ವಿಶೇಷವಾಗಿ ಸ್ತ್ರೀಯರನ್ನು, ಲೋಕವು ಕೀಳಾಗಿ ಕಂಡಿತೆಂಬುದು ವಿದ್ವಾಂಸರಿಗೆ ವಿದಿತವಾದ ಸಂಗತಿಯೇ ಆಗಿದೆ. ಕೈಶಿಕೀವೃತ್ತಿಯು ಪುರುಷರಿಂದ ಸಾಧ್ಯವಾಗತಕ್ಕುದಲ್ಲವೆಂದು ಭರತನು ಬಿನ್ನವಿಸಲು ಬ್ರಹ್ಮನು ಅಪ್ಸರೆಯರನ್ನು ಸೃಷ್ಟಿಸಿ ಕೊಟ್ಟನೆಂದು ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯವು ಹೇಳುತ್ತದೆ. ಅಂದರೆ ಸ್ತ್ರೀಯಿಲ್ಲದೆ ನಾಟ್ಯವು ಪೂರ್ಣವಲ್ಲವೆಂಬುದು ಶಾಸ್ತ್ರಕಾರನ ಮತ. ಆದರೆ ಮಹಾಭಾಷ್ಯಕಾರನಾದ ಪತಂಜಲಿಯು ವ್ಯಂಜನಗಳು ಯಾವ ಸ್ವರವು ಬಂದರೆ ಆ ಸ್ವರವನ್ನು ಸೇರುವುವೆಂಬುದಕ್ಕೆ ದೃಷ್ಟಾಂತವಾಗಿ, ರಂಗದಲ್ಲಿ ನಿಂತ ನಟರ ಹೆಂಡಿರನ್ನು ತಂದಿರುತ್ತಾನೆ. ನೀವು ಯಾರವರೆಂದು ಯಾರು ಕೇಳಿದರೂ ಅವರವರಿಗೆ ನಿಮ್ಮವರೇ ಎನ್ನುವರೆಂಬುದು ಅಲ್ಲಿಯ ತಾತ್ಪರ್ಯ. ಪರಸ್ತ್ರೀಯೊಡನೆ ಸಂಭಾಷಣೆಯನ್ನು ನಿಷೇಧಿಸಿದ ಮನುಸ್ಮೃತಿಯು ಚಾರಣರ ಹೆಂಡಿರ ವಿಷಯದಲ್ಲಿ ಆ ವಿಧಿಯು ಸಲ್ಲದೆಂದು ಎಂಟನೆಯ ಅಧ್ಯಾಯದಲ್ಲಿ ಹೇಳಿರುವುದು. ವ್ಯಾಕರಣದ ದೃಷ್ಟಾಂತಕ್ಕೂ ಧರ್ಮಶಾಸ್ತ್ರದ ಅಪವಾದಕ್ಕೂ ಒದಗಬೇಕಾದರೆ ಈ ಭಾವನೆಯು ಜನರಲ್ಲಿ ಎಷ್ಟು ರೂಢವಾಗಿದ್ದಿತೆಂಬುದನ್ನು ಊಹಿಸಬಹುದು.

ಕಲೆಗೆ ಮನ್ನಣೆ, ಕಲಾವತಿಗೆ ಅವಜ್ಞೆ ಎಂಬ ಈ ಇಬ್ಬಗೆಯು ಆಧುನಿಕ ಕಾಲಕ್ಕೂ ಇಳಿದುಬಂದಿತು. ಕನ್ನಡ ರಂಗಭೂಮಿಯಲ್ಲಿ ಬಹುಕಾಲ ಸ್ತ್ರೀಪಾತ್ರಗಳನ್ನು ಪುರುಷರೇ ವಹಿಸುತ್ತಿದ್ದರು. ಗುಬ್ಬಿ ವೀರಣ್ಣನವರ ಮಂಡಲಿಯಲ್ಲಿ ಬಿ. ಜಯಮ್ಮನವರಂಥವರು ರಂಗವನ್ನೇರಿದುದೂ, ೧೯೩೪ರಲ್ಲಿ ಬಂದ ಮೊದಲನೆಯ ಕನ್ನಡ ವಾಕ್ಚಿತ್ರವಾದ 'ಸತಿ ಸುಲೋಚನ'ದಲ್ಲಿ ತ್ರಿಪುರಾಂಬೆಯವರು ನಾಯಿಕೆಯಾದುದೂ, ೧೯೪೩ರಲ್ಲಿ ಎಂ. ವಿ. ರಾಜಮ್ಮನವರು 'ರಾಧಾರಮಣ'ವೆಂಬ ಚಿತ್ರವನ್ನು ತಾವೇ ನಿರ್ಮಿಸಿದುದೂ ಈ ಕಟ್ಟನ್ನು ಒಂದೊಂದಾಗಿ ಸಡಿಲಿಸಿದ ಘಟನೆಗಳು. ಇವರ ಅನಂತರದ ತಲೆಮಾರಿನಲ್ಲಿ ನಟಿಯೊಬ್ಬಳಿಗೆ ರಾಷ್ಟ್ರವೇ ಮನ್ನಣೆಯನ್ನು ಸಲ್ಲಿಸುವಷ್ಟರ ಮಟ್ಟಿಗೆ ಈ ಪದವಿಯನ್ನು ಏರಿಸಿದವರಲ್ಲಿ ಬಿ. ಸರೋಜಾದೇವಿಯವರು ಅಗ್ರಗಣ್ಯರು. ಅವರಿಗೆ ಸಂದ ಗೌರವವು ಯಾವುದಕ್ಕೆ ಸಂದಿತು, ಕಲೆಗೋ ನಡತೆಗೋ, ಎಂಬುದನ್ನು ಅವರ ಜೀವನವೃತ್ತಾಂತದ ಮೂಲಕ ವಿಚಾರಮಾಡುವುದೇ ಈ ಲೇಖನದ ಉದ್ದೇಶ.

೨

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳನ್ನೊಳಗೊಂಡ ಸೀಮೆಯು ಪೂರ್ವದಿಂದಲೂ ಕುಶಲಕಲೆಗಳಿಗೆ ಹೆಸರಾದುದು. ಕ್ರಿ. ಶ. ೧೮೦೦ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಬುಕನನ್ ಎಂಬ ವೈದ್ಯನು ಚನ್ನಪಟ್ಟಣದಲ್ಲಿ ತಯಾರಾಗುತ್ತಿದ್ದ ವಾದ್ಯಗಳ ಉಕ್ಕಿನ ತಂತಿಗಳು ದೂರದೇಶಗಳಲ್ಲಿಯೂ ಬೆಲೆಯುಳ್ಳವಾಗಿದ್ದುವೆಂದು ಬರೆದಿರುತ್ತಾನೆ. ಅಲ್ಲಿಯ ಅರಗಿನ ಬಣ್ಣದ ಗೊಂಬೆಗಳ ವಿಚಾರವನ್ನಂತೂ ಹೇಳಬೇಕಾದುದೇ ಇಲ್ಲ. ಈ ಚನ್ನಪಟ್ಟಣ ತಾಲ್ಲೂಕಿನ ದಶವಾರ ಗ್ರಾಮವೇ ಸರೋಜಾದೇವಿಯವರ ಮನೆತನದ ಊರು. ಅವರು ಹುಟ್ಟಿದುದು ಬೆಂಗಳೂರಿನಲ್ಲಿ, ೧೯೩೮ನೆಯ ಇಸವಿ ಜನವರಿ ೭ರಂದು, ಒಕ್ಕಲಿಗರ ಮನೆತನ. ತಂದೆ ಭೈರಪ್ಪನವರು ಪೋಲೀಸ್ ಇಲಾಖೆಯಲ್ಲಿದ್ದವರು, ತಾಯಿ ರುದ್ರಮ್ಮನವರು. ಇವರು ಆ ದಂಪತಿಗಳ ನಾಲ್ಕನೆಯ ಹೆಣ್ಣುಮಗಳು.

ಬೇಸಾಯದ ಮನೆತನದಲ್ಲಿ, ಅದೂ ಸರ್ಕಾರದ ನೌಕರಿಯಲ್ಲಿದ್ದವರ ಮನೆಯಲ್ಲಿ, ಹೆಣ್ಣುಮಗಳಿಗೆ ಹಾಡುಕುಣಿತಗಳನ್ನು ಕಲಿಸುವುದು ಆ ಕಾಲದಲ್ಲಿ ಸಾಮಾನ್ಯವಾಗಿರಲಿಲ್ಲ. ಆದರೆ ಭೈರಪ್ಪನವರು ಮಗಳಿಗೆ ನೃತ್ಯವನ್ನು ಕಲಿಸಿದುದು ಮಾತ್ರವಲ್ಲದೆ, ತಾವೇ ಕಾಲಿಗೆ ಗೆಜ್ಜೆಯನ್ನು ಕಟ್ಟಿ, ಅಭ್ಯಾಸದಿಂದ ಬಾತ ಪಾದಗಳನ್ನು ತಾವೇ ಒತ್ತುತ್ತಿದ್ದರೆಂದು ಪ್ರಸಿದ್ಧಿಯಿದೆ. ತಾಯಿಯು ಹಾಕಿದ ಕಟ್ಟಳೆಯು ಬೇರೊಂದು ಬಗೆಯದು: ತೋಳಿಲ್ಲದ ರವಿಕೆಯನ್ನು ತೊಡಕೂಡದು, ಈಜುಡುಗೆಯಲ್ಲಿ ಕಾಣಿಸಿಕೊಳ್ಳಕೂಡದು. ಈ ಕಟ್ಟಳೆಯನ್ನು ಮಗಳು ವೃತ್ತಿಜೀವನದ ಉದ್ದಕ್ಕೂ ಪಾಲಿಸಿದರು. ತಂದೆಯಿಂದ ಕಲೆಯ ಅನುಮತಿ, ತಾಯಿಯಿಂದ ಕಲೆಯ ಮೇರೆ, ಎರಡೂ ಒಂದೇ ಮನೆಯಿಂದ ಬಂದುವೆಂಬುದನ್ನು ಮುಂದಣ ವಿಚಾರಕ್ಕಾಗಿ ಇಲ್ಲಿ ನೆನಪಿನಲ್ಲಿಡತಕ್ಕುದು.

ಬಾಲಕಿಯು ಸಮಾರಂಭವೊಂದರಲ್ಲಿ ಹಾಡುತ್ತಿದ್ದುದನ್ನು ಕೇಳಿ ಮೆಚ್ಚಿದವರು ಹೊನ್ನಪ್ಪ ಭಾಗವತರು. ರಂಗಭೂಮಿಯ ಗಾಯಕರಾಗಿ ಹೆಸರಾಂತ ಈ ಮಹನೀಯರು ೧೯೫೫ರಲ್ಲಿ 'ಮಹಾಕವಿ ಕಾಳಿದಾಸ'ವೆಂಬ ಚಿತ್ರವನ್ನು ಹೊರತಂದು ತಾವೇ ಕಾಳಿದಾಸನ ಪಾತ್ರವನ್ನು ವಹಿಸಿದರು, ಕು. ರಾ. ಸೀತಾರಾಮಶಾಸ್ತ್ರಿಗಳು ಅದರ ನಿರ್ದೇಶಕರು. ಹದಿನೇಳು ವರ್ಷದ ಸರೋಜಾದೇವಿಯವರು ಮೊದಲು ತೆರೆಯ ಮೇಲೆ ಬಂದುದು ಈ ಚಿತ್ರದಲ್ಲಿ. ಕನ್ನಡದ ಉತ್ತಮ ಚಿತ್ರವೆಂಬ ರಾಷ್ಟ್ರೀಯ ಮನ್ನಣೆಯೂ ಅದಕ್ಕೆ ದೊರೆಯಿತು. ನಟಿಯ ವಿಷಯದಲ್ಲಿ ನಮ್ಮ ಕವಿಗಳ ಪೈಕಿ ಎಲ್ಲರಿಗಿಂತಲೂ ಉದಾರವಾಗಿ ನಡೆದುಕೊಂಡವನು ಕಾಳಿದಾಸನೇ ಎಂಬುದು ಇಲ್ಲಿ ಸ್ಮರಣೀಯ. ಮಾಲವಿಕಾಗ್ನಿಮಿತ್ರದಲ್ಲಿ ನಾಯಿಕೆಯು ರಾಜಸಭೆಯಲ್ಲಿ ಛಲಿತವನ್ನು ಅಭಿನಯಿಸುತ್ತಾಳೆ. ಅದರ ಗುಣದೋಷಗಳನ್ನು ನಿರ್ಣಯಿಸುವವಳೂ ಸ್ತ್ರೀಯೇ, ಪರಿವ್ರಾಜಿಕೆಯಾದ ಕೌಶಿಕಿ.

೩

ಮೊದಲನೆಯ ಚಿತ್ರದ ತರುವಾಯ 'ಕಚದೇವಯಾನಿ' (೧೯೫೬), 'ಸ್ಕೂಲ್ ಮಾಸ್ಟರ್' (೧೯೫೮), 'ಜಗಜ್ಯೋತಿ ಬಸವೇಶ್ವರ' (೧೯೫೯) ಮೊದಲಾದ ಕನ್ನಡ ಚಿತ್ರಗಳು ಬಂದುವು. ಆಗ ದಕ್ಷಿಣದ ಚಿತ್ರೋದ್ಯಮಕ್ಕೆಲ್ಲ ಮದರಾಸೇ ಕೇಂದ್ರವಾಗಿದ್ದಿತು. ಕನ್ನಡ ಚಿತ್ರಗಳೂ ಬಹುಮಟ್ಟಿಗೆ ಅಲ್ಲಿಯೇ ತಯಾರಾಗುತ್ತಿದ್ದುವು. ಆದುದರಿಂದ ಕನ್ನಡದ ನಟಿಯು ಇತರ ಭಾಷೆಗಳಿಗೆ ಹೋಗುವುದು ಸಹಜವೇ ಆಗಿದ್ದಿತು. ೧೯೫೭ರಲ್ಲಿ ತೆಲುಗಿನ 'ಪಾಂಡುರಂಗ ಮಾಹಾತ್ಮ್ಯಂ', ೧೯೫೮ರಲ್ಲಿ ಎಂ. ಜಿ. ರಾಮಚಂದ್ರನ್ನರ 'ನಾಡೋಡಿ ಮನ್ನನ್', ೧೯೫೯ರಲ್ಲಿ ಶ್ರೀಧರರ 'ಕಲ್ಯಾಣ ಪರಿಸು', ಅದೇ ವರ್ಷ ದಿಲೀಪಕುಮಾರರೊಡನೆ ಹಿಂದಿಯ 'ಪೈಗಾಂ', ೧೯೬೧ರಲ್ಲಿ 'ಸಸುರಾಲ್', ಹೀಗೆ ಆರೇಳು ವರ್ಷಗಳಲ್ಲಿ ನಾಲ್ಕು ಭಾಷೆಗಳಲ್ಲಿ ಅವರು ನಾಯಿಕೆಯಾದರು. ರಾಮಚಂದ್ರನ್ನರೊಡನೆ ೨೬ ಚಿತ್ರಗಳಲ್ಲಿಯೂ, ಶಿವಾಜಿ ಗಣೇಶನ್ನರೊಡನೆ ೨೨ ಚಿತ್ರಗಳಲ್ಲಿಯೂ ಅಭಿನಯಿಸಿದರೆಂದು ಗಣನೆಯಿದೆ. ಒಟ್ಟು ಚಿತ್ರಗಳ ಸಂಖ್ಯೆ ಸುಮಾರು ೨೦೦.

ತಮಿಳರು ಅವರಿಗೆ ಕೊಟ್ಟ ಬಿರುದು 'ಕನ್ನಡತ್ತು ಪೈಂಗಿಳಿ', ಎಂದರೆ ಕನ್ನಡದ ಹಸುರುಗಿಳಿ. ತಮಿಳಿನ 'ಪೈ' ಎಂಬುದೂ ಹಳಗನ್ನಡದ 'ಪಸುರ್' ಎಂಬುದೂ ಒಂದೇ ಮೂಲದವು. 'ಕಿಳಿ'ಯು ನಮ್ಮ ಗಿಳಿಯೇ. ಶಬ್ದದಲ್ಲಿರುವ ಈ ದಾಯಾದಿತನಕ್ಕಿಂತ ಗಮನಾರ್ಹವಾದುದು ಬಿರುದಿನ ಭಾವ. ಅವರ ತಮಿಳಿನಲ್ಲಿ ಕನ್ನಡದ ರಾಗವು ಕೇಳಿಬರುತ್ತಿದ್ದಿತು. ತಮಿಳು ಪ್ರೇಕ್ಷಕರು ಅದನ್ನು ದೋಷವೆಂದೆಣಿಸದೆ ಮಾಧುರ್ಯವೆಂದೇ ಗ್ರಹಿಸಿದರು. ಪರಭಾಷೆಯಲ್ಲಿ ಕೀರ್ತಿಯನ್ನು ಪಡೆದ ನಮ್ಮವರು ಸ್ವಭಾಷೆಯ ಗುರುತನ್ನು ಅಡಗಿಸಿಕೊಳ್ಳಬೇಕಾಗಿ ಬರುವುದು ಸಾಮಾನ್ಯ. ಇವರಿಗಾದರೋ ಆ ಗುರುತೇ ಬಿರುದಾಯಿತು.

೪

ಇನ್ನು ಅಭಿನಯವನ್ನು ಕುರಿತು ಸ್ವಲ್ಪ ಹೇಳತಕ್ಕುದು. ಪಾತ್ರಧಾರಿಗೂ ಪಾತ್ರಕ್ಕೂ ಇರುವ ಸಂಬಂಧವನ್ನು ಭರತನು ಅನುರೂಪ, ವಿರೂಪ, ರೂಪಾನುರೂಪವೆಂದು ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ತನ್ನ ವಯಸ್ಸಿಗೂ ಪ್ರಕೃತಿಗೂ ಒಪ್ಪುವ ಪಾತ್ರವು ಅನುರೂಪ. ಎಳೆಯರು ಮುದುಕರನ್ನೋ ಮುದುಕರು ಎಳೆಯರನ್ನೋ ಅಭಿನಯಿಸುವುದು ವಿರೂಪ. ಪುರುಷನು ಸ್ತ್ರೀಯನ್ನು, ಸ್ತ್ರೀಯು ಪುರುಷನನ್ನು ಅಭಿನಯಿಸುವುದು ಮೂರನೆಯದು. ೧೯೬೪ರ 'ಅಮರಶಿಲ್ಪಿ ಜಕಣಾಚಾರಿ'ಯು ಪೂರ್ಣವಾಗಿ ವರ್ಣದಲ್ಲಿ ತಯಾರಾದ ಮೊದಲನೆಯ ಕನ್ನಡ ಚಿತ್ರ, ಬಿ. ಎಸ್. ರಂಗಾ ಅವರ ಈ ಕೃತಿಯಲ್ಲಿ ಸರೋಜಾದೇವಿಯವರದು ನರ್ತಕಿಯ ಪಾತ್ರ. ನೃತ್ಯವನ್ನು ಬಲ್ಲ ತರುಣಿಗೆ ಇದು ಅನುರೂಪವೇ ಸರಿ.

ಬಿ. ಆರ್. ಪಂತುಲು ಅವರ 'ಕಿತ್ತೂರು ಚೆನ್ನಮ್ಮ'ವಾದರೋ (೧೯೬೧) ಬೇರೆಯ ಪರೀಕ್ಷೆಯನ್ನೊಡ್ಡಿತು. ಇತಿಹಾಸದ ಚೆನ್ನಮ್ಮ ರಾಣಿಯು ೧೭೭೮ರಲ್ಲಿ ಹುಟ್ಟಿದವಳು. ಧಾರವಾಡದ ಕಲೆಕ್ಟರನಾಗಿದ್ದ ಥ್ಯಾಕರೆಯು ಕಿತ್ತೂರಿನ ಕೋಟೆಯ ಮುಂದೆ ಮಡಿದುದು ೧೮೨೪ನೆಯ ಅಕ್ಟೋಬರ್ ೨೩ರಂದು; ಆಗ ರಾಣಿಗೆ ನಾಲ್ವತ್ತಾರು ವರ್ಷ. ಆಕೆಯು ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡುದು ೧೮೨೯ನೆಯ ಫೆಬ್ರವರಿ ೨ರಂದು. ಈ ಪಾತ್ರವನ್ನು ವಹಿಸಿದಾಗ ನಟಿಗೆ ಸುಮಾರು ಇಪ್ಪತ್ತಮೂರು. ಮಲ್ಲಸರ್ಜನನ್ನು ವರಿಸುವ ಕನ್ಯೆಯಿಂದ ಮೊದಲಾಗಿ ವಿಧವೆಯಾಗಿ ಖಡ್ಗವನ್ನು ಹಿಡಿಯುವ ರಾಣಿಯವರೆಗೆ ಒಂದೇ ಪಾತ್ರದಲ್ಲಿ ಅನುರೂಪದಿಂದ ವಿರೂಪಕ್ಕೆ ಸಾಗಬೇಕಾದ ಸಂದರ್ಭವದು. ಶೃಂಗಾರದ ನಾಯಿಕೆಯೆಂದೇ ಹೆಸರಾದವರು ಇಲ್ಲಿ ವೀರಕ್ಕೂ ಕರುಣಕ್ಕೂ ಸಮರ್ಥರೆಂದು ತೋರಿಸಿಕೊಟ್ಟರು. ಚಿತ್ರಕ್ಕೆ ರಾಷ್ಟ್ರೀಯ ಮನ್ನಣೆಯು ದೊರಕಿತು. ಹಳೆಯ ಮೈಸೂರಿನ ಹಳ್ಳಿಗಳಲ್ಲಿ, ನಮ್ಮ ಮರಳವಾಡಿಯಂಥ ಹೋಬಳಿಗಳ ಕಡೆಯಲ್ಲಿ, ಕಿತ್ತೂರಿನ ಹೆಸರನ್ನು ಅನೇಕರ ಕಿವಿಗೆ ಮುಟ್ಟಿಸಿದುದು ಇತಿಹಾಸಗ್ರಂಥವಲ್ಲ, ಡೇರೆಯ ಸಿನಿಮಾ ಎಂದರೆ ಅತಿಶಯೋಕ್ತಿಯಾಗಲಾರದು. ೧೯೫೬ರಲ್ಲಿ ಒಂದಾದ ನಾಡಿನ ಎರಡು ಭಾಗಗಳಿಗೆ ಒಬ್ಬರ ವೀರಚರಿತೆಯನ್ನು ಇನ್ನೊಬ್ಬರದನ್ನಾಗಿ ಮಾಡಿದ ಸೇವೆಯು ಅಲ್ಪವಾದುದಲ್ಲ.

ಮೂರನೆಯ ನಿದರ್ಶನವು 'ಮಲ್ಲಮ್ಮನ ಪವಾಡ' (೧೯೬೯). ಬಿ. ಪುಟ್ಟಸ್ವಾಮಯ್ಯನವರ 'ಅರ್ಧಾಂಗಿ' ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ಚಿತ್ರವಿದು. ಮುಗ್ಧನಾದ ಗಂಡ, ಅವನ ಮುಗ್ಧತೆಯನ್ನೇ ಬಂಡವಾಳವಾಗಿ ಮಾಡಿಕೊಂಡ ಮಲತಾಯಿ, ಇವರಿಬ್ಬರ ನಡುವೆ ಬಂದ ವಿದ್ಯಾವತಿಯಾದ ಸೊಸೆ. ಇಲ್ಲಿ ಖಡ್ಗವಿಲ್ಲ, ಗೆಜ್ಜೆಯಿಲ್ಲ. ಇರುವುದು ಮನೆಯೊಳಗಣ ಬುದ್ಧಿಯ ಹೋರಾಟ. ಕೂಗಾಟಕ್ಕೆ ಆಸ್ಪದವಿಲ್ಲದ ಇಂಥ ಪಾತ್ರದಲ್ಲಿ ನಟಿಯ ಸಾಮರ್ಥ್ಯವು ಸಾತ್ವಿಕಾಭಿನಯದಿಂದಲೇ ಪರೀಕ್ಷಿತವಾಗತಕ್ಕುದು. ಇದೇ ಕಥೆಯು ಮುಂದೆ ತಮಿಳು ಹಿಂದಿಗಳಲ್ಲಿಯೂ ಚಿತ್ರವಾಯಿತು. ಸಾಹಿತ್ಯದ ಅಧ್ಯಾಪಕರು ಕಾದಂಬರಿಯನ್ನೂ ಚಿತ್ರವನ್ನೂ ಜೊತೆಯಾಗಿರಿಸಿ ಪಾಠಹೇಳಿದರೆ ಶ್ರವ್ಯಕ್ಕೂ ದೃಶ್ಯಕ್ಕೂ ಇರುವ ಭೇದವು ವಿದ್ಯಾರ್ಥಿಗಳಿಗೆ ಸುಲಭವಾಗಿ ಮನದಟ್ಟಾಗುವುದು.

೫

೧೯೬೭ರಲ್ಲಿ ಶ್ರೀಹರ್ಷರೆಂಬ ಇಂಜಿನಿಯರರೊಡನೆ ಅವರ ವಿವಾಹವು ನೆರವೇರಿತು. ವಿವಾಹವಾದೊಡನೆ ನಟಿಯ ನಾಯಿಕಾಪದವು ಮುಗಿಯಿತೆಂಬ ಆ ಕಾಲದ ರೂಢಿಯನ್ನು ಇವರು ಒಪ್ಪಲಿಲ್ಲ. ಮೇಲೆ ಹೇಳಿದ 'ಮಲ್ಲಮ್ಮನ ಪವಾಡ'ವು ವಿವಾಹಾನಂತರದ ಕೃತಿಯೇ. ೧೯೭೭ರಲ್ಲಿ 'ಬಭ್ರುವಾಹನ', 'ಭಾಗ್ಯವಂತರು' ಚಿತ್ರಗಳು ಬಂದುವು. ೧೯೮೬ರಲ್ಲಿ ಪತಿವಿಯೋಗವಾಯಿತು. ಆ ಬಳಿಕ ಪಾತ್ರಗಳು ವಿರಳವಾದುವು. ಕನ್ನಡದಲ್ಲಿ ಅವರು ಕೊನೆಗೆ ಕಾಣಿಸಿಕೊಂಡುದು ೨೦೧೯ರ 'ನಟಸಾರ್ವಭೌಮ'ದಲ್ಲಿ.

ಪ್ರಶಸ್ತಿಗಳಲ್ಲಿ ಮುಖ್ಯವಾದುವು: ೧೯೬೯ರಲ್ಲಿ ಪದ್ಮಶ್ರೀ, ೧೯೯೨ರಲ್ಲಿ ಪದ್ಮಭೂಷಣ, ತಮಿಳುನಾಡಿನ ಕಲೈಮಾಮಣಿ, ಬೆಂಗಳೂರು ವಿಶ್ವವಿದ್ಯಾನಿಲಯದ ಗೌರವ ಡಾಕ್ಟರೇಟು, ಕರ್ನಾಟಕ ಸರ್ಕಾರದ ಡಾ. ರಾಜಕುಮಾರ್ ಪ್ರಶಸ್ತಿ. ಕನ್ನಡಿಗರು ಪ್ರೀತಿಯಿಂದಿತ್ತ ಬಿರುದು ಅಭಿನಯ ಸರಸ್ವತಿ. ಅವರು ೨೦೨೫ನೆಯ ಜುಲೈ ೧೪ರಂದು ಬೆಂಗಳೂರಿನ ಮಲ್ಲೇಶ್ವರದಲ್ಲಿ ತಮ್ಮ ಎಂಬತ್ತೇಳನೆಯ ವಯಸ್ಸಿನಲ್ಲಿ ದಿವಂಗತರಾದರು. ಮರುದಿನ ದಶವಾರದಲ್ಲಿ ಸರ್ಕಾರದ ಗೌರವಗಳೊಡನೆ ಅಂತ್ಯಸಂಸ್ಕಾರವಾಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕರ್ನಾಟಕದ ಸಚಿವಮಂಡಲವು ಮರಣೋತ್ತರವಾಗಿ ಅವರಿಗೆ ಕರ್ನಾಟಕ ರತ್ನವನ್ನು ಕೊಡುವುದಾಗಿ ತೀರ್ಮಾನಿಸಿತು.

ಇಲ್ಲಿ ಒಂದು ಪೂರ್ವಪಕ್ಷವು ಹುಟ್ಟುತ್ತದೆ. ತಾಯಿಯ ಕಟ್ಟಳೆಯನ್ನು ಮೀರದೆ ಕುಲವಧುವಿನ ಮರ್ಯಾದೆಯಲ್ಲಿ ಉಳಿದುದರಿಂದಲ್ಲವೆ ಲೋಕವು ಇವರನ್ನು ಗೌರವಿಸಿದುದು? ಹಾಗಾದರೆ ನಟಿಯ ಪದವಿಯು ಏರಿತೆನ್ನುವುದು ಹೇಗೆ? ಪತಂಜಲಿಯ ಕಾಲದ ಅವಜ್ಞೆಯು ಹಾಗೆಯೇ ಉಳಿದು, ಒಬ್ಬಾಕೆಗೆ ಮಾತ್ರ ಅಪವಾದವು ದೊರೆತಂತಾಯಿತಲ್ಲವೆ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಜನರ ಆದರದಲ್ಲಿ ನಡತೆಯ ಭಾಗವು ದೊಡ್ಡದಾಗಿಯೇ ಇದ್ದಿತು. ಆದರೆ ಉಡುಪಿನ ಕಟ್ಟಳೆಯೊಂದರಿಂದ ಯಾರೂ ನಾಲ್ಕು ಭಾಷೆಗಳಲ್ಲಿ ಮೂವತ್ತು ವರ್ಷ ನಾಯಿಕೆಯಾಗಿ ನಿಲ್ಲಲಾರರು. ಇದಕ್ಕಿಂತ ಬಲವಾದ ಸಮಾಧಾನವು ಬೇರೊಂದಿದೆ. ಅವರು ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳ ನಿರ್ಣಾಯಕಮಂಡಲಿಗೆ ಎರಡು ಬಾರಿ, ೪೫ನೆಯ ಮತ್ತು ೫೩ನೆಯ ವರ್ಷದ ಪ್ರಶಸ್ತಿಗಳಿಗೆ, ಅಧ್ಯಕ್ಷರಾಗಿದ್ದರು. ನಾಟ್ಯಪ್ರಯೋಗವನ್ನು ಪರೀಕ್ಷಿಸುವ ಪ್ರಾಶ್ನಿಕರನ್ನು ಭರತನು ಹತ್ತು ಮಂದಿಯೆಂದು ಎಣಿಸಿದ್ದಾನೆ. ಯಜ್ಞಜ್ಞ, ಛಂದೋಜ್ಞ, ಶಬ್ದಜ್ಞ ಮೊದಲಾದ ಆ ಹತ್ತರಲ್ಲಿ ಸ್ತ್ರೀಗೆ ಇರುವ ಸ್ಥಾನ ಒಂದೇ, ಅದೂ ಕಾಮೋಪಚಾರದ ಪರೀಕ್ಷೆಗಾಗಿ ವೇಶ್ಯೆಗೆ. ಕಾಳಿದಾಸನು ಆ ಪೀಠದಲ್ಲಿ ಪರಿವ್ರಾಜಿಕೆಯನ್ನು ಕುಳ್ಳಿರಿಸಿದನು. ನಮ್ಮ ಕಾಲವು ನಟಿಯನ್ನೇ ಕುಳ್ಳಿರಿಸಿತು. ಯಾರವಳೆಂದು ಕೇಳಿಸಿಕೊಳ್ಳುತ್ತಿದ್ದವಳು ಗುಣದೋಷಗಳನ್ನು ನಿರ್ಣಯಿಸುವವಳಾದಳು. ಈ ಸ್ಥಾನವು ನಡತೆಗೆ ಕೊಟ್ಟುದಲ್ಲ, ವಿದ್ಯೆಗೆ ಕೊಟ್ಟುದು.

ಆದರೂ ಗೌರವದ ಉತ್ತರಾರ್ಧವು ಇನ್ನೂ ನಮ್ಮ ಮೇಲೆ ಋಣವಾಗಿ ಉಳಿದಿದೆ. ಪ್ರಶಸ್ತಿಯನ್ನೀಯುವುದು ಸರ್ಕಾರದ ಕೆಲಸ. ಅಭಿನಯವನ್ನು ಪರಿಶೀಲಿಸಿ ಬರೆದಿಡುವುದು ವಿದ್ವಾಂಸರ ಕೆಲಸ. ವಿಶಾಖದತ್ತನ 'ದೇವೀಚಂದ್ರಗುಪ್ತ'ವು ಇಂದು ಉಪಲಬ್ಧವಿಲ್ಲ. ನಾಟ್ಯದರ್ಪಣ ಮೊದಲಾದ ಲಕ್ಷಣಗ್ರಂಥಗಳು ಅದರಿಂದ ಉದಾಹರಣೆಗಳನ್ನು ಎತ್ತಿಕೊಂಡುದರಿಂದಲೇ ಅಂಥದೊಂದು ನಾಟಕವಿದ್ದಿತೆಂದೂ ಅದರ ವಸ್ತುವು ಇಂಥದೆಂದೂ ನಮಗೆ ತಿಳಿದಿದೆ. ನಮ್ಮ ಮೊದಲ ವಾಕ್ಚಿತ್ರವಾದ 'ಸತಿ ಸುಲೋಚನ'ದ ಪ್ರತಿಯು ಆಗಲೇ ನಷ್ಟವಾಗಿದೆ. ಅದರ ಅಭಿನಯವನ್ನು ಸೂಕ್ಷ್ಮವಾಗಿ ವಿವರಿಸಿದ ಲಕ್ಷಣಗ್ರಂಥವೂ ನಮ್ಮಲ್ಲಿಲ್ಲ. ತ್ರಿಪುರಾಂಬೆಯವರು ಹೇಗೆ ಅಭಿನಯಿಸಿದರೆಂಬುದನ್ನು ಇನ್ನು ಯಾರೂ ಅರಿಯಲಾರರು. ಸರೋಜಾದೇವಿಯವರ ಚಿತ್ರಗಳ ಪ್ರತಿಗಳಿರುವಾಗಲೇ, ಅವರೊಡನೆ ಕೆಲಸಮಾಡಿದವರು ಬದುಕಿರುವಾಗಲೇ, ಒಂದೊಂದು ಪಾತ್ರದ ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕಗಳನ್ನು ವಿಂಗಡಿಸಿ ಬರೆಯುವವರು ಬೇಕಾಗಿದ್ದಾರೆ. ವಿಶ್ವವಿದ್ಯಾನಿಲಯಗಳೂ ಸಾಹಿತ್ಯಸಂಸ್ಥೆಗಳೂ 'ಕಿತ್ತೂರು ಚೆನ್ನಮ್ಮ', 'ಮಲ್ಲಮ್ಮನ ಪವಾಡ' ಈ ಎರಡರಿಂದಲಾದರೂ ಈ ಕಾರ್ಯವನ್ನು ಪ್ರಾರಂಭಿಸುವುದು ಯುಕ್ತ.