ಮದಗದ ಕೆರೆಗೆ ಎಂಟು ಪ್ರಶ್ನೆಚಿಹ್ನೆ

ಕಡೂರು, ತರೀಕೆರೆ, ಅಜ್ಜಂಪುರದ ಕೆರೆಗಳ ಬಗ್ಗೆ ಹಿರಿಯರು ಹೇಳುವುದನ್ನು ಒಂದೆಡೆ ಸೇರಿಸೋಣವೆಂದು ನಾವೊಂದು ಪುಟ್ಟ ವೆಬ್ ಅಪ್ಲಿಕೇಶನ್ ಮಾಡಿಕೊಂಡೆವು. ನಮ್ಮ ಲ್ಯಾಪ್‌ಟಾಪಿನಲ್ಲಿ ಎರಡು ತಿಂಗಳು ಚೆನ್ನಾಗಿಯೇ ಓಡಿತು. ಬಾಡಿಗೆ ಸರ್ವರಿಗೆ ಏರಿಸಿದ ದಿನ ಮೊದಲು ಚಿತ್ರಗಳು ಮಾಯವಾದವು. ಅದರ ಕಾರಣ ಬೇಗ ಸಿಕ್ಕಿತು: ಫೈಲುಗಳ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಬೆರೆತಿದ್ದವು. ವಿಂಡೋಸ್‌ಗೆ ಎರಡೂ ಒಂದೇ, ಲಿನಕ್ಸ್‌ಗೆ ಅಲ್ಲ. ನಿಜವಾದ ಕಷ್ಟ ಆಮೇಲೆ ಬಂತು. ಸರ್ವರಿನಲ್ಲಿ ಹೊಸದಾಗಿ ಸೇರಿಸಿದ ‘ಮದಗದ ಕೆರೆ’ ಎಂಬ ಶೀರ್ಷಿಕೆ ಪರದೆಯ ಮೇಲೆ ‘???? ????’ ಎಂದು ಕಾಣಿಸಿತು.

ಮೊದಲು ದೂರಿದ್ದು ಫಾಂಟನ್ನು. ಕನ್ನಡ ಕೆಟ್ಟರೆ ‘ಫಾಂಟ್ ಇಲ್ಲ’ ಎನ್ನುವುದು ನಮ್ಮ ಕಡೆಯ ಡಿಟಿಪಿ ಅಂಗಡಿಗಳ ಹಳೆಯ ತೀರ್ಪು. ಅದು ಸುಮ್ಮನೆ ಹುಟ್ಟಿದ್ದಲ್ಲ. 1998ರಲ್ಲಿ ಬಂದ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ, ಇವುಗಳ ಆಗಿನ ಫಾಂಟುಗಳು ಇಂಗ್ಲಿಷ್ ಮತ್ತಿತರ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡ ಅಕ್ಷರದ ತುಣುಕುಗಳನ್ನು ಕೂರಿಸುತ್ತಿದ್ದವು. ಫೈಲಿನೊಳಗೆ ಕನ್ನಡವೇ ಇರುತ್ತಿರಲಿಲ್ಲ, ಅದಿದ್ದದ್ದು ಫಾಂಟಿನಲ್ಲಿ. ಇಲ್ಲಿ ಟೈಪ್ ಮಾಡಿದ ವರದಿ ಬೇರೆ ಊರಿನ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್. ನಮ್ಮದೇ ಜಿಲ್ಲೆಯ ಮೂಡಿಗೆರೆಯಲ್ಲಿದ್ದ ಪೂರ್ಣಚಂದ್ರ ತೇಜಸ್ವಿ ಕನ್ನಡ ತಂತ್ರಾಂಶದ ಪರವಾಗಿ ದನಿಯೆತ್ತಿದ್ದೂ ಈ ಕಾಲದಲ್ಲೇ. ಆದರೂ ಆ ರೋಗಕ್ಕೆ ಮದ್ದಿತ್ತು. ಸಂಖ್ಯೆಗಳು ಹಾಗೇ ಉಳಿಯುತ್ತಿದ್ದವು, ಫಾಂಟ್ ಹಾಕಿದರೆ ಬರಹ ವಾಪಸ್ ಬರುತ್ತಿತ್ತು.

ಯುನಿಕೋಡ್ ತನ್ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಸಂಖ್ಯೆಗಳನ್ನು ಕೊಟ್ಟಿತ್ತು. 2001ರ ವಿಂಡೋಸ್ ಎಕ್ಸ್‌ಪಿಯ ಜತೆ ‘ತುಂಗಾ’ ಫಾಂಟ್ ಬಂತು. ನಾವು ಬಳಸಿದ್ದೂ ಯುನಿಕೋಡನ್ನೇ. ಹಾಗಿದ್ದರೆ ಕೆಟ್ಟಿದ್ದೆಲ್ಲಿ?

ಸುಳಿವು ಹಿಡಿದವಳು ತರೀಕೆರೆಯ ಗೆಳತಿ. ಫಾಂಟ್ ಇಲ್ಲದಿದ್ದರೆ ಖಾಲಿ ಚೌಕಗಳು ಬರಬೇಕಿತ್ತು, ಪ್ರಶ್ನೆಚಿಹ್ನೆ ಅಲ್ಲ ಎಂದಳು. ಆಮೇಲೆ ಎಣಿಸಿದಳು. ‘ಕೆರೆ’ ಕಣ್ಣಿಗೆ ಎರಡೇ ಅಕ್ಷರ, ಚಿಹ್ನೆ ಮಾತ್ರ ನಾಲ್ಕು. ಯುನಿಕೋಡಿನಲ್ಲಿ ಕ, ರ ಮತ್ತು ಎರಡು ಎತ್ವಗಳಿಗೆ ಬೇರೆ ಬೇರೆ ಸಂಖ್ಯೆ. ಹಾಗಾದರೆ ಡೇಟಾಬೇಸಿಗೆ ಕನ್ನಡ ಸರಿಯಾಗಿಯೇ ತಲುಪಿದೆ. ಒಂದೊಂದಕ್ಕೂ ಮೂರು ಬೈಟ್ ಹಿಡಿಯುವುದರಿಂದ ಬೈಟುಗಳು ದಾರಿಯಲ್ಲಿ ಚದುರಿದ್ದರೆ ‘ಕೆರೆ’ಗೆ ಹನ್ನೆರಡು ಚಿಹ್ನೆ ಬರಬೇಕಿತ್ತು. ಕೆಟ್ಟಿದ್ದು ಒಳಗಿಟ್ಟುಕೊಳ್ಳುವಾಗ.

ಡೇಟಾಬೇಸ್ ಮೈಎಸ್‌ಕ್ಯೂಎಲ್. ಅದು ಹುಟ್ಟಿದ್ದು ಸ್ವೀಡನ್ನಿನಲ್ಲಿ, 1995ರಲ್ಲಿ. ಬೇರೆ ಏನೂ ಹೇಳದಿದ್ದರೆ ಅದರ ಹಳೆಯ ಆವೃತ್ತಿಗಳು ಪಶ್ಚಿಮ ಯುರೋಪಿನ ಲ್ಯಾಟಿನ್ ಅಕ್ಷರಗಳನ್ನು ಸ್ವೀಡಿಷ್ ಅಕಾರಾದಿಯಲ್ಲಿ ಜೋಡಿಸಿಕೊಳ್ಳುತ್ತಿದ್ದವು. ಆ ಪಟ್ಟಿಯಲ್ಲಿ ಕನ್ನಡದ ಒಂದಕ್ಷರಕ್ಕೂ ಜಾಗವಿಲ್ಲ. ಹೇಳದಿದ್ದರೂ ಯುನಿಕೋಡೇ ಎಂಬ ಏರ್ಪಾಡು ಬಂದದ್ದು 2018ರ 8.0 ಆವೃತ್ತಿಯಲ್ಲಿ. ಲ್ಯಾಪ್‌ಟಾಪಿನಲ್ಲಿದ್ದುದು ಅದು, ಸರ್ವರಿನಲ್ಲಿದ್ದುದು ಹಳೆಯದು. ಕಟ್ಟುನಿಟ್ಟಿನ ಮೋಡ್ ಆನ್ ಇದ್ದಿದ್ದರೆ ದೋಷವೆಂದು ತೋರಿಸಿ ನಿಲ್ಲುತ್ತಿತ್ತು, ಅದೂ ಆಫ್ ಆಗಿತ್ತು. ತಪ್ಪು ನಮ್ಮದೇ: ಯಾವ ಲಿಪಿಯ ಸಂಕೇತವೆಂದು ಕೋಡಿನಲ್ಲಿ ಬರೆದಿರಲಿಲ್ಲ. ಟೇಬಲ್, ಸಂಪರ್ಕ ಎರಡಕ್ಕೂ ‘ಯುಟಿಎಫ್8ಎಂಬಿ4’ ಎಂದು ಬರೆದೆವು. ಹತ್ತು ನಿಮಿಷದ ಕೆಲಸ.

ಲ್ಯಾಪ್‌ಟಾಪಿನಲ್ಲಿದ್ದ ಕಥೆಗಳನ್ನು ಮತ್ತೆ ಏರಿಸಿದೆವು. ಸರ್ವರಿಗೇ ನೇರ ಟೈಪ್ ಮಾಡಿದ್ದ ಹನ್ನೊಂದು ಮಾತ್ರ ಹೋದವು. ನುಡಿಯ ಕಾಲದ ಹಾಗಲ್ಲ ಇದು, ಅಲ್ಲಿ ಉಳಿದಿರುವುದು ನಿಜವಾದ ಪ್ರಶ್ನೆಚಿಹ್ನೆ. ಅದರ ಹಿಂದೆ ಏನೂ ಇಲ್ಲ.

ಹನ್ನೊಂದರಲ್ಲಿ ಒಂದು, ಎಮ್ಮೆದೊಡ್ಡಿ ಕಡೆಯ ಹಿರಿಯ ನೀರುಗಂಟಿಯೊಬ್ಬರದು. ಮತ್ತೆ ಹೋದೆವು. ‘ಮೊನ್ನೆ ಬರ್ಕಂಡ್ರಲ್ಲ, ಏನಾತು?’ ಅಂದರು. ಸರ್ವರಿನ ಕಥೆ ಹೇಳಿದೆವು, ನಕ್ಕರು. ಬರಗಾಲದ ವರ್ಷ ತೂಬು ಎತ್ತುವ ಸರದಿಗೆ ರಾತ್ರಿಯಿಡೀ ಕಾದಿದ್ದನ್ನು ಮೊದಲ ಸಲ ಅರ್ಧ ಗಂಟೆ ಹೇಳಿದ್ದರು. ಈ ಸಲ ಐದು ನಿಮಿಷದಲ್ಲಿ ಮುಗಿಸಿ ಎಲೆಯಡಿಕೆ ಚೀಲ ಬಿಚ್ಚಿದರು. ಅಜ್ಜಂಪುರದವನು ಅಷ್ಟನ್ನೂ ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಬರೆದುಕೊಂಡ.