ಶ್ರವಣನ ಬಲ, ಸಂಕಮ್ಮನ ಛಲ

ಮೊಬೈಲಿನಲ್ಲಿ ಜಪಾನಿನ ‘ಇಸೆಕೈ’ ಕಾರ್ಟೂನ್ ನೋಡುವ ಹುಡುಗರು ನಮ್ಮ ಊರುಗಳಲ್ಲೂ ಇದ್ದಾರೆ. ಇಸೆಕೈ ಅಂದರೆ ಬೇರೆ ಲೋಕ. ಸಾಮಾನ್ಯ ಹುಡುಗನೊಬ್ಬ ಅಲ್ಲಿಗೆ ಹೋಗಿ ಬೀಳುತ್ತಾನೆ. ಬಹಳ ಕಥೆಗಳಲ್ಲಿ ಹೋದ ಕೂಡಲೇ ಅವನಿಗೆ ಭಾರಿ ಶಕ್ತಿ ಸಿಗುತ್ತದೆ. ಆಮೇಲೆ ಯಾರ ಬಲ ಹೆಚ್ಚು ಎಂಬ ವಾದ. ಅದೇ ಪ್ರಶ್ನೆಯನ್ನು ನಮ್ಮ ಕಂಸಾಳೆಯವರ, ನೀಲಗಾರರ ಕಥೆಗಳಿಗೆ ಕೇಳೋಣ.

ಮಾದಪ್ಪನೂ ಬೇರೆ ಸೀಮೆಯಿಂದ ಬಂದವನೇ. ಆದರೆ ಉತ್ತರದೇಶದಿಂದ ಬಂದವನು ಮೊದಲು ಸುತ್ತೂರು ಮಠದಲ್ಲಿ ರಾಗಿ ಬೀಸಬೇಕಾಯಿತು. ಆಮೇಲೆ ಕುಂತೂರು ಮಠ, ಆಮೇಲೆ ಎಪ್ಪತ್ತೇಳು ಮಲೆ. ದುಡಿಮೆ ಮೊದಲು, ಪವಾಡ ಆಮೇಲೆ.

ಬರೀ ಬಲ ಲೆಕ್ಕ ಹಾಕಿದರೆ ಬಂಕಾಪುರಿಯ ಶ್ರವಣನೇ ಮುಂದು, ದೇವತೆಗಳನ್ನೇ ಸೆರೆಯಲ್ಲಿಟ್ಟವನು. ಅವನನ್ನು ಮುಗಿಸಿದ್ದು ಕತ್ತಿಯಲ್ಲ, ಮಾದಪ್ಪನ ಉಪಾಯ ಮತ್ತು ಹರಳಯ್ಯ ಮಾಡಿಕೊಟ್ಟ ಪಾದರಕ್ಷೆ. ಚಪ್ಪಲಿ ಹೊಲಿಯುವವನ ಕೈಯಿಲ್ಲದೆ ದೇವರಿಗೂ ಗೆಲುವಿಲ್ಲ.

ಚಿಕ್ಕಲ್ಲೂರಿನ ಸಿದ್ದಪ್ಪಾಜಿಯನ್ನು ನೋಡಿ. ಕಮ್ಮಾರರ ಮನೆಯ ಮಗ. ಗುರು ಮಂಟೇಸ್ವಾಮಿ ಅವನನ್ನು ಕಬ್ಬಿಣದ ಭಿಕ್ಷೆಗೆ ಕಳಿಸಿದ್ದು ಹಲಗೂರಿನ ಪಾಂಚಾಳರ ಬಳಿಗೇ. ಸ್ವಂತ ಕುಲದವರೇ ಒಡ್ಡಿದ ಪರೀಕ್ಷೆಗಳನ್ನು ದಾಟಿ ಗೆದ್ದ.

ಇನ್ನು ಸಂಕಮ್ಮ. ಅವಳಿಗೆ ಯಾವ ಶಕ್ತಿಯೂ ಇಲ್ಲ. ಬೇಟೆಗೆ ಹೊರಟ ಗಂಡ ನೀಲಯ್ಯ ಬಲಗೈ ಭಾಷೆ ಕೊಡು ಅಂದ. ತಪ್ಪೇ ಮಾಡದವಳು ಏಕೆ ಕೊಡಬೇಕು ಎಂದು ಅವಳು ಒಪ್ಪಲಿಲ್ಲ. ಹಿಂಸೆ ತಿಂದಳೇ ಹೊರತು ಮಣಿಯಲಿಲ್ಲ. ಕೊನೆಗೆ ಮಾದಪ್ಪನೇ ಅವಳಿದ್ದ ಕಡೆಗೆ ನಡೆದು ಬಂದ. ಬಲದಲ್ಲಿ ಎಲ್ಲರಿಗಿಂತ ಕೆಳಗಿರುವವಳು ಕಥೆಯಲ್ಲಿ ದೇವರನ್ನೇ ಕರೆಸಿಕೊಂಡಳು.

ಈ ಕಥೆಗಳು ಸರ್ಕಾರಗಳ ಗಡಿಯನ್ನೂ ಕೇಳಲಿಲ್ಲ. 1956ರವರೆಗೆ ಕೊಳ್ಳೇಗಾಲ ಸೀಮೆ ಮದ್ರಾಸ್‌ನ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಹನೂರೂ ಅದರೊಳಗೇ. ಪಕ್ಕದ ಯಳಂದೂರು ಮೈಸೂರಿನದು, ದಿವಾನ್ ಪೂರ್ಣಯ್ಯನವರ ಜಹಗೀರು. ಆಳುವವರು ಬೇರೆ ಬೇರೆ, ಹಾಡು ಒಂದೇ. ಅದನ್ನು ಉಳಿಸಿದ್ದು ಅರಮನೆಯಲ್ಲ, ಮನೆಮನೆ ತಿರುಗಿ ಹಾಡಿದ ದೇವರಗುಡ್ಡರು, ನೀಲಗಾರರು. 1997ರಲ್ಲಿ ಚಾಮರಾಜನಗರ ಜಿಲ್ಲೆ ಆದದ್ದು ಅದಕ್ಕೆ ಎಷ್ಟೋ ಕಾಲದ ನಂತರ.

ಈಗ ಎರಡು ನಿಮಿಷದ ವಿಡಿಯೋದಲ್ಲಿ ಕಂಸಾಳೆಯ ಕುಣಿತ ಹಿಡಿಯುತ್ತದೆ. ಸಂಕಮ್ಮನ ಸಾಲು ಹಿಡಿಯುವುದಿಲ್ಲ. ಅದಕ್ಕೆ ರಾತ್ರಿಯೇ ಬೇಕು. ನಿಮ್ಮೂರಲ್ಲಿ ಹಾಡುವ ಹಿರಿಯರಿದ್ದರೆ ಒಂದು ಸಂಜೆ ಹತ್ತಿರ ಕೂತು, ಅವರನ್ನು ಕೇಳಿ, ಪೂರ್ತಿ ರೆಕಾರ್ಡ್ ಮಾಡಿಕೊಳ್ಳಿ. ಶ್ರವಣನ ಬಲ ಎಲ್ಲರಿಗೂ ನೆನಪಿರುತ್ತದೆ. ಸಂಕಮ್ಮ ಬೇಡ ಅಂದದ್ದು ಹಾಡುವವರ ಬಾಯಲ್ಲಿ ಉಳಿದಿದೆ.