ನೆಲಕ್ಕೆ ಬಿದ್ದ ಹಕ್ಕಿಮರಿಯನ್ನು ಮುಟ್ಟಿದರೆ ತಾಯಿ ಬಿಟ್ಟುಹೋಗುತ್ತದೆಯೇ?

ಬೇಸಿಗೆಯಿಂದ ಮಳೆಗಾಲದವರೆಗೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಹಿತ್ತಲಲ್ಲೋ ಹುಣಸೆಮರದ ಬುಡದಲ್ಲೋ ಹೊಲದ ಬದುವಿನಲ್ಲೋ ಹಕ್ಕಿಮರಿ ಕಣ್ಣಿಗೆ ಬೀಳುವುದು ಸಾಮಾನ್ಯ. ಆಗ ಕೇಳಿಬರುವ ಮಾತು ಒಂದೇ: "ಮುಟ್ಟಬೇಡ, ಮನುಷ್ಯರ ವಾಸನೆ ತಾಗಿದರೆ ತಾಯಿ ಹತ್ತಿರ ಸೇರಿಸಲ್ಲ."

ಇದು ನಿಜವಲ್ಲ. ಆದರೆ ಈ ನಂಬಿಕೆಯಿಂದ ಒಂದು ವಿಚಿತ್ರ ನಡೆಯುತ್ತದೆ. ಗೂಡಿಗೆ ಸೇರಿಸಬೇಕಾದ ಮರಿಯನ್ನು ನಾವು ಮುಟ್ಟುವುದಿಲ್ಲ. ಸುಮ್ಮನೆ ಬಿಡಬೇಕಾದ ಮರಿಯನ್ನು ಅಯ್ಯೋ ಪಾಪ ಎಂದು ಮನೆಗೆ ತರುತ್ತೇವೆ.

ನಂಬಿಕೆ ಎಲ್ಲಿಂದ ಬಂತು?

ಹಕ್ಕಿಗಳಿಗೆ ವಾಸನೆ ತಿಳಿಯುವುದೇ ಇಲ್ಲ ಎನ್ನುವಂತಿಲ್ಲ. ಆದರೆ ಮನುಷ್ಯರ ವಾಸನೆ ತಾಗಿತೆಂದು ಅವು ಮರಿಯನ್ನು ತೊರೆಯುವುದಿಲ್ಲ. ಸಂಶೋಧಕರು ಗೂಡಿನ ಮರಿಗಳನ್ನು ಕೈಯಲ್ಲಿ ಹಿಡಿದು ತೂಕ ಮಾಡಿ, ಕಾಲಿಗೆ ಉಂಗುರ ತೊಡಿಸಿ ವಾಪಸ್ ಇಡುತ್ತಾರೆ. ತಂದೆತಾಯಿ ಬಂದು ಮತ್ತೆ ಉಣಿಸುತ್ತವೆ. ಹಕ್ಕಿಗಳು ಹೆದರುವುದು ಗೂಡಿನ ಬಳಿಯ ಗದ್ದಲಕ್ಕೆ. ಅದರಲ್ಲೂ ಮೊಟ್ಟೆ ಇಡುವ ದಿನಗಳಲ್ಲಿ ಪದೇ ಪದೇ ತೊಂದರೆ ಕೊಟ್ಟರೆ ಗೂಡು ಬಿಟ್ಟುಹೋಗಬಹುದು.

ಮೊದಲು ಮರಿಯನ್ನು ನೋಡಿ

ಪುಕ್ಕ ಬಂದಿಲ್ಲ, ಕಣ್ಣು ಬಿಟ್ಟಿಲ್ಲ ಅಥವಾ ನಿಲ್ಲಲಾಗುತ್ತಿಲ್ಲ: ಇದು ಗೂಡಿನಲ್ಲೇ ಇರಬೇಕಾದ ಮರಿ. ಮೈ ತಣ್ಣಗಿದ್ದರೆ ಅಂಗೈಯಲ್ಲಿಟ್ಟು ಬೆಚ್ಚಗಾಗಿಸಿ ಗೂಡಿಗೆ ಸೇರಿಸಿ. ಗೂಡು ಹಾಳಾಗಿದ್ದರೆ ಅಥವಾ ಎಟುಕದಿದ್ದರೆ, ತಳದಲ್ಲಿ ತೂತಿರುವ ಸಣ್ಣ ಬುಟ್ಟಿಗೆ ಒಣಹುಲ್ಲು ಹಾಸಿ ಮರಿಯನ್ನಿಟ್ಟು, ಅದೇ ಮರದಲ್ಲಿ ನೆರಳಿರುವ ಕಡೆ ಕಟ್ಟಿ. ತೆಂಗಿನ ನಾರು, ದಾರ ಬೇಡ, ಕಾಲಿಗೆ ಸಿಕ್ಕಿಕೊಳ್ಳುತ್ತವೆ. ನಂತರ ದೂರ ಸರಿದು ಒಂದೆರಡು ಗಂಟೆ ಗಮನಿಸಿ.

ಪುಕ್ಕ ಬಂದಿದೆ, ಬಾಲ ಮೋಟು, ಕುಪ್ಪಳಿಸುತ್ತಿದೆ: ಇದು ಬಿದ್ದ ಮರಿಯಲ್ಲ, ಹಾರಲು ಕಲಿಯುತ್ತಿರುವ ಮರಿ. ಗೊರವಂಕ, ಪಿಕಳಾರದ ಮರಿಗಳು ಗೂಡು ಬಿಟ್ಟ ಮೇಲೆ ಕೆಲವು ದಿನ ಹೀಗೆಯೇ ನೆಲದಲ್ಲಿ, ಪೊದೆಯಲ್ಲಿ ಇರುತ್ತವೆ. ತಂದೆತಾಯಿ ಹತ್ತಿರದಲ್ಲೇ ಇದ್ದು ಉಣಿಸುತ್ತವೆ; ನಾವು ನಿಂತಿದ್ದರೆ ಇಳಿದು ಬರುವುದಿಲ್ಲ. ನಾಯಿ, ಬೆಕ್ಕನ್ನು ಕಟ್ಟಿಹಾಕಿ. ಮರಿ ರಸ್ತೆಯಲ್ಲಿದ್ದರೆ ಪಕ್ಕದ ಪೊದೆಗೆ ಸರಿಸಿ. ಅಷ್ಟು ಸಾಕು.

ನಯವಾದ ತುಪ್ಪಳವಿದೆ, ನೆಲದಲ್ಲೇ ಓಡುತ್ತಿದೆ: ಟಿಟ್ಟಿಭ, ಗೌಜಲಹಕ್ಕಿ, ನವಿಲುಗಳ ಗೂಡು ಇರುವುದೇ ನೆಲದ ಮೇಲೆ. ಮಧುಗಿರಿ ತಾಲ್ಲೂಕಿನ ಮೈದೇನಹಳ್ಳಿಯ ಕೃಷ್ಣಮೃಗ ಸಂರಕ್ಷಿತ ಪ್ರದೇಶದಂತಹ ಹುಲ್ಲುಗಾವಲು, ಶಿರಾ–ಪಾವಗಡದ ಕಡಲೆಕಾಯಿ ಹೊಲಗಳು ಇಂಥ ಹಕ್ಕಿಗಳ ಮನೆ. ಮೊಟ್ಟೆಯೊಡೆದು ಸ್ವಲ್ಪ ಹೊತ್ತಿಗೇ ಮರಿಗಳು ಓಡಾಡುತ್ತವೆ. ಅಪಾಯ ಕಂಡರೆ ಮಣ್ಣಿನ ಹೆಂಟೆಯಂತೆ ಅಲ್ಲಾಡದೆ ಕೂರುತ್ತವೆ. ಅದನ್ನು ಕಾಯಿಲೆ ಎಂದುಕೊಂಡು ಎತ್ತಿಕೊಳ್ಳಬೇಡಿ.

ಕೊಕ್ಕರೆ ಮರಿ ಬಿದ್ದರೆ?

ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ. ಊರಿನವರು ಅವನ್ನು ಕಾಪಾಡಿಕೊಂಡು ಬಂದಿದ್ದಾರೆ. ಅಷ್ಟು ಎತ್ತರದ ಗೂಡಿಗೆ ಮರಿಯನ್ನು ವಾಪಸ್ ಸೇರಿಸುವುದು ಕಷ್ಟ, ಹತ್ತಿದರೆ ಉಳಿದ ಮರಿಗಳೂ ಬೆದರಿ ಬೀಳಬಹುದು. ಇಂಥ ಮರಿಗೆ ಅರಣ್ಯ ಇಲಾಖೆಯನ್ನೇ ಕರೆಯಬೇಕು. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಬಿದ್ದ ಹೆಜ್ಜಾರ್ಲೆ, ಕೊಕ್ಕರೆ ಮರಿಗಳನ್ನು ಬೇಲಿಯೊಳಗೆ ಇಟ್ಟು, ಮೀನು ಕೊಟ್ಟು ಸಾಕಿ, ಹಾರಲು ಬಂದ ಮೇಲೆ ಬಿಡುವ ಕ್ರಮವಿದೆ. ಅದು ಅನುಭವಿಗಳ ಕೆಲಸ. ಕೊಕ್ಕರೆಯ ಕೊಕ್ಕು ಕಣ್ಣಿಗೆ ತಿವಿಯಬಹುದು, ಮುಖದ ಹತ್ತಿರ ಹಿಡಿಯಬೇಡಿ.

ಇವನ್ನು ಮಾಡಬೇಡಿ

• ಬಾಯಿಗೆ ನೀರು ಬಿಡಬೇಡಿ. ಹಕ್ಕಿಗಳ ಉಸಿರುನಾಳದ ಬಾಯಿ ನಾಲಿಗೆಯ ಹಿಂದೆಯೇ ಇರುತ್ತದೆ. ನೀರು ಶ್ವಾಸಕೋಶ ಸೇರಿ ಮರಿ ಸಾಯಬಹುದು.
• ಹಾಲು, ಬ್ರೆಡ್ ಕೊಡಬೇಡಿ. ಹಾಲು ಹಕ್ಕಿಗಳಿಗೆ ಜೀರ್ಣವಾಗುವುದಿಲ್ಲ.
• ಸಾಕಲು ಇಟ್ಟುಕೊಳ್ಳಬೇಡಿ. ನವಿಲು, ಗಿಳಿ, ಗೊರವಂಕ ಮುಂತಾದ ಕಾಡುಹಕ್ಕಿಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಯಾವಾಗ ನೆರವು ಬೇಕು?

ರಕ್ತ ಸುರಿಯುತ್ತಿದ್ದರೆ, ರೆಕ್ಕೆ ಜೋತುಬಿದ್ದಿದ್ದರೆ, ಇರುವೆ ಮುತ್ತಿದ್ದರೆ, ತಂದೆತಾಯಿ ಸತ್ತಿರುವುದು ಗೊತ್ತಿದ್ದರೆ ತಡಮಾಡಬೇಡಿ. ಬೆಕ್ಕು ಕಚ್ಚಿದ್ದರೆ ಗಾಯ ಕಾಣದಿದ್ದರೂ ನಂಜೇರುವ ಅಪಾಯವಿದೆ. ಗಾಳಿಯಾಡಲು ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ ಬಟ್ಟೆ ಹಾಸಿ ಮರಿಯನ್ನಿಟ್ಟು, ಮುಚ್ಚಿ, ಬಿಸಿಲು ಮತ್ತು ಸದ್ದಿಲ್ಲದ ಕಡೆ ಇಡಿ. ಪಶುವೈದ್ಯರಿಗೆ ತೋರಿಸಿ ಅಥವಾ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಮರಿಯನ್ನು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಒಟ್ಟಿನಲ್ಲಿ: ಪುಕ್ಕವಿಲ್ಲದ ಮರಿಯನ್ನು ಗೂಡಿಗೆ ಸೇರಿಸಿ, ಪುಕ್ಕ ಬಂದು ಕುಪ್ಪಳಿಸುವ ಮರಿಯನ್ನು ಬಿಟ್ಟುಬಿಡಿ, ಗಾಯಗೊಂಡ ಮರಿಗೆ ತಿಳಿದವರನ್ನು ಕರೆಯಿರಿ. ಮರಿಯನ್ನು ಬೆಳೆಸಲು ಅದರ ತಂದೆತಾಯಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ.